ಗಂಗಯ್ಯಜ್ಜನ ಕೊನೆಯ ತುತ್ತು

೧೯೭೪ರ ಮಾರ್ಚ್ ತಿಂಗಳ ಒಂದು ರವಿವಾರ ನಾವು ಬೈಲಹೊಂಗಲದವರು, ಒಂದು ಕಾಲಕ್ಕೆ ಸಂಸ್ಥಾನವಾಗಿದ್ದ ರಾಮದುರ್ಗಕ್ಕೆ ಹೋಗಿ, ರಾಮದುರ್ಗದ್ದೇ ಮೈದಾನದಲ್ಲಿ, ರಾಮದುರ್ಗದ ಫುಟ್ಬಾಲ್ ತಂಡವನ್ನು, ರಾಮದುರ್ಗದ ಎರಡು ಸಾವಿರ ಜನರ ಕಣ್ಣೆದುರು ಒಂದು ಗೋಲಿನಿಂದ ಸೋಲಿಸಿದೆವು. ‘ಸೋಲಿಸಿದೆವು’ ಎನ್ನುವುದರಲ್ಲಿ ನನ್ನ ಪಾಲು ಇಷ್ಟೇ: ಗೋಲುಕಂಬದ ಹಿಂದೆ ನಿಂತು ಒದರಿದ್ದು. ಹನ್ನೊಂದು ಜನ ಆಡಿದರು, ಮೂವತ್ತು ಜನ ಒದರಿದೆವು. ಮರುದಿನ ಗಂಟಲು ಕೂತದ್ದು ನಮ್ಮದೇ ಹೊರತು ಅವರದ್ದಲ್ಲ. ಆದ್ದರಿಂದ ಗೆದ್ದ ಬೆಳ್ಳಿ ಕಪ್ಪು ಯಾರದ್ದು ಎಂಬುದು ಇವತ್ತಿಗೂ ಚರ್ಚೆಯ ವಿಷಯ.

ಆ ದಿನ ನನಗೆ ಎರಡು ಕೆಲಸ ಇದ್ದವು. ಒಂದು, ಒದರುವುದು. ಇನ್ನೊಂದು, ಸಂಜೆ ಐದರ ಬಸ್ಸು ಹಿಡಿಯುವುದು. ರಾಮದುರ್ಗದಿಂದ ಸವದತ್ತಿ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸು ಅದೊಂದೇ. ಅದು ತಪ್ಪಿದರೆ ಮರುದಿನ ಸೂರ್ಯನ ಜೊತೆಗೇ ಹೊರಡಬೇಕು. ನನಗೋ ಸೋಮವಾರ ಬೆಳಿಗ್ಗೆ ಎಂಟಕ್ಕೆ ಧಾರವಾಡದಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ವರ್ಷ ಇದೇ ಪರೀಕ್ಷೆ ನಡೆದಾಗ ನಾನು ಸವದತ್ತಿಯಲ್ಲಿ ಸೆಮಿಫೈನಲ್ ನೋಡುತ್ತಿದ್ದೆ. ಆ ಸಲ ನಮ್ಮಪ್ಪ ಅಂದಾನೆಪ್ಪ ಬಡಿಯಲಿಲ್ಲ, ಬೈಯಲಿಲ್ಲ. ಪೇಟೆಯಲ್ಲಿರುವ ನಮ್ಮ ಬೆಲ್ಲದ ಅಂಗಡಿಯ ಗಾದಿಯ ಮೇಲೆ ಕೂತು, ತಕ್ಕಡಿಯ ಕಡೆಗೆ ಬೆರಳು ತೋರಿಸಿ, ತಣ್ಣಗೆ ಒಂದೇ ಮಾತು ಹೇಳಿದ್ದ:

“ಇನ್ನೊಮ್ಮಿ ಪರೀಕ್ಷಾ ತಪ್ಪಿಸಿದಿ ಅಂದ್ರ ಕಾಲೇಜ ಬಂದ್. ಇಲ್ಲೆ ಕುಂದರಬೇಕು. ಸಾಯೂ ತನಾ ಬೆಲ್ಲಾ ತೂಗಬೇಕು.”

ನಮ್ಮ ಅಂಗಡಿಯನ್ನು ನೋಡದವರಿಗೆ ಈ ಬೆದರಿಕೆಯ ತೂಕ ತಿಳಿಯುವುದಿಲ್ಲ. ಅಲ್ಲಿ ಬೆಲ್ಲಕ್ಕಿಂತ ನೊಣಗಳೇ ಹೆಚ್ಚು. ನಮ್ಮಪ್ಪ ಮೂವತ್ತು ವರ್ಷದಿಂದ ಆ ನೊಣಗಳ ನಡುವೆ ಎಂಥ ಸಮಾಧಾನದಿಂದ ಕೂತಿದ್ದನೆಂದರೆ, ಅವುಗಳಲ್ಲಿ ಕೆಲವಕ್ಕಾದರೂ ಹೆಸರಿಟ್ಟಿರಬೇಕು ಎಂದು ನನಗೆ ಅನುಮಾನ. ಆ ಗಾದಿಯ ಮೇಲೆ ನಾನು ಕೂರುವುದೆಂದರೆ ಹತ್ತೊಂಬತ್ತನೇ ವರ್ಷಕ್ಕೇ ಮುದುಕನಾದಂತೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ ಶಾಣ್ಯಾತನ ನೋಡಿ. ಅರ್ಧ ಆಟಕ್ಕೆ ವಿರಾಮ ಕೊಟ್ಟಾಗ ನಾನೂ ನನ್ನ ಗೆಳೆಯ ದಿಗಂಬರನೂ ಮೈದಾನದ ಪಕ್ಕದ ಚಹಾದ ಅಂಗಡಿಗೆ ಹೋದೆವು. ದಿಗಂಬರ ಕುಲಕರ್ಣಿಯವರ ಮನೆಯ ಹುಡುಗ. ಪರವೂರಲ್ಲಿ ನೀರು ಸಹ ಮುಟ್ಟಬೇಡ ಎಂದು ಅವನ ತಾಯಿ ತಾರಾಬಾಯಿ ಹೇಳಿ ಕಳಿಸಿದ್ದರು. ಅದಕ್ಕೇ ಅವನು ನೀರು ಮುಟ್ಟದೆ ಎರಡು ಚಹಾ, ನಾಲ್ಕು ಭಜಿ ತೆಗೆದುಕೊಂಡ. ನಾನು ಬೆಂಚಿನ ಮೇಲೆ ಕಾಲು ಮಡಚಿ ಕೂತು, ಇಡೀ ಅಂಗಡಿಗೆ ಕೇಳುವಂತೆ ಹೇಳಿದೆ:

“ಲಗೂ ಲಗೂ ಸೋಲ್ರೆಪಾ ರಾಮದುರ್ಗದಾವ್ರು! ಐದರ ಬಸ್ಸಿಗೆ ಕಪ್ಪು ಏರಿಸೋದೈತಿ. ನಂಗ ನಾಳೆ ಮುಂಜಾನೆ ಧಾರವಾಡದಾಗ ಪರೀಕ್ಷಾ ಐತಿ. ನಿಮ್ಮ ಸಂಸ್ಥಾನದ ಸಲವಾಗಿ ನಾ ಬೆಲ್ಲಾ ತೂಗಾಕ ತಯಾರಿಲ್ಲ!”

ಪಕ್ಕದಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ ದೊಡ್ಡ ಮೀಸೆಯ ಮನುಷ್ಯನೊಬ್ಬ ಬಸಿ ಕೆಳಗಿಟ್ಟು, ಬಹಳ ಪ್ರೀತಿಯಿಂದ ಕೇಳಿದ:

“ಐದರ ಬಸ್ಸೇನ್ ತಮ್ಮಾ?”

“ಹೌದ್ರೀ, ಐದರದು.”

“ತಪ್ಪಿದ್ರ?”

“ತಪ್ಪಿದ್ರ ನನ್ನ ಬಾಳೇ ಮುಗೀತ್ರಿ.”

“ಅಯ್ಯ ಪಾಪ,” ಎಂದು ಅವನು ಎದ್ದು ಹೋದ. ಅವನು ಲಕ್ಕಪ್ಪ, ರಾಮದುರ್ಗದ ತಂಡದ ಪರವಾಗಿ ಒದರುವವರಿಗೆಲ್ಲ ಮುಖಂಡ. ಹತ್ತಾರು ಮಗ್ಗಗಳ ಸದ್ದಿನ ನಡುವೆ ಬೆಳೆದವನಾದ್ದರಿಂದ ಅವನು ಪಿಸುಗುಟ್ಟಿದರೂ ಮೈದಾನದ ಆ ತುದಿಗೆ ಕೇಳುತ್ತಿತ್ತು. ಇದು ನನಗೆ ಆಮೇಲೆ ಗೊತ್ತಾಯಿತು. ನನಗೆ ಎಲ್ಲವೂ ಆಮೇಲೆಯೇ ಗೊತ್ತಾಗುವುದು.

ಇನ್ನು ಗೋಲಿನ ವಿಷಯ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ನಮ್ಮವರಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಮೇಲೇರಿ ಬಂತು. ನಮ್ಮ ದುರ್ಗಪ್ಪ, ಊರಲ್ಲಿ ಹತ್ತಿಯ ಅಂಡಿಗೆ ಎತ್ತುವ ಆಳು, ಎಲ್ಲರಿಗಿಂತ ಎತ್ತರಕ್ಕೆ ಜಿಗಿದ. ಚೆಂಡು ಅವನ ತಲೆಯ ಮೇಲಿಂದ ಹಾರಿಹೋಗುವುದರಲ್ಲಿತ್ತು. ಅಷ್ಟರಲ್ಲಿ ಅವನ ಎಡಗೈ, ಯಾರೋ ಹಿರಿಯರಿಗೆ ನಮಸ್ಕಾರ ಮಾಡುವ ಹಾಗೆ ಮೆಲ್ಲಗೆ ಮೇಲೆದ್ದು, ಚೆಂಡನ್ನು ಮುಟ್ಟಿ ಕೆಳಗಿಳಿಯಿತು. ಚೆಂಡು ಗೋಲಿನೊಳಗೆ ಬಿತ್ತು.

ನಾನು ಕಂಬದಿಂದ ಎರಡು ಮಾರು ಹಿಂದೆ ನಿಂತಿದ್ದೆ. ಬಿಸಿಲು ನನ್ನ ಬೆನ್ನಿಗಿತ್ತು. ಮೊಣಕೈಯ ಕೆಳಗೆ ಚೆಂಡಿನ ಕೆಂಪು ಮಣ್ಣು ಅಂಟಿದ್ದು ಸಹ ನನಗೆ ಕಂಡಿತು. ದುರ್ಗಪ್ಪ ತಿರುಗಿ ನೋಡಿದ. ಅವನ ಕಣ್ಣು ಮೊದಲು ಸಿಕ್ಕಿದ್ದು ನನ್ನ ಕಣ್ಣಿಗೆ. ಅವನು ಒಂದು ಕ್ಷಣ ತಡೆದ. ನಾನೂ ತಡೆದೆ. ಆಮೇಲೆ ನಾನು ಒಬ್ಬ ಒಳ್ಳೆಯ ಅಭಿಮಾನಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಎರಡೂ ಕೈ ಮೇಲೆತ್ತಿ ಚೀರಿದೆ:

“ಗೋಲ್! ಸಂಸ್ಥಾನ ಮುಳುಗಿತೋ!”

ಸವದತ್ತಿಯಿಂದ ಕರೆಸಿದ ರೆಫ್ರಿ ಒಬ್ಬ ಡ್ರಿಲ್ ಮಾಸ್ತರ. ದಪ್ಪ ಗಾಜಿನ ಚಶ್ಮಾ, ಎದುರು ಬಿಸಿಲು. ನನ್ನ ಚೀರಾಟವನ್ನೇ ಸಾಕ್ಷಿ ಎಂದು ತಿಳಿದನೋ ಏನೋ, ಸೀಟಿ ಊದಿ ಗೋಲು ಕೊಟ್ಟ. ಹತ್ತು ನಿಮಿಷದ ಮೇಲೆ ಕೊನೆಯ ಸೀಟಿ ಊದಿದವನು ಅದನ್ನು ಬಾಯಿಂದ ತೆಗೆಯುವ ಮೊದಲೇ ಸೈಕಲ್ ಏರಿದ್ದ. ಅಷ್ಟು ಬುದ್ಧಿವಂತ ರೆಫ್ರಿಯನ್ನು ನಾನು ಮತ್ತೆ ನೋಡಲಿಲ್ಲ.

ಆಗ ಮೂರು ಗಂಟೆ ದಾಟಿತ್ತು. ನಾವು ಮೂವತ್ತು ಜನ ಒದರುವವರು, ಹನ್ನೊಂದು ಜನ ಆಟಗಾರರು, ಒಂದು ಬೆಳ್ಳಿ ಕಪ್ಪು. ನಮ್ಮ ಸುತ್ತ ಎರಡು ಸಾವಿರ ಜನ. ಯಾರೂ ಮಾತಾಡುತ್ತಿಲ್ಲ. ಎಲ್ಲಿಂದಲೋ ಮಣ್ಣಿನ ಒಂದು ಹೆಂಟೆ ಬಂದು ದಿಗಂಬರನ ಬೆನ್ನಿಗೆ ಬಿತ್ತು. ನಮ್ಮ ಬಾವುಟದ ಕೋಲನ್ನು ಯಾರೋ ಕಸಿದು, ನಮ್ಮೆದುರೇ ಮೊಣಕಾಲಿಗೆ ಒತ್ತಿ ಲಟಕ್ಕನೆ ಮುರಿದರು.

“ಲೇ ಮಡಿವಾಳ್ಯಾ,” ಎಂದ ದಿಗಂಬರ. ಮಡಿವಾಳ್ಯಾ ಅಂದರೆ ನಾನೇ. ಪೂರ್ತಿ ಹೆಸರು ಮಡಿವಾಳೆಪ್ಪ. “ಇನ್ನೊಮ್ಮೆ ಒದರು ನೋಡೋಣು, ಸಂಸ್ಥಾನ ಮುಳುಗಿತು ಅಂತ.”

“ಗಂಟಲಾ ಹಿಡದೈತಿ,” ಎಂದೆ.

ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಲಕ್ಕಪ್ಪ ಬಂದ. ಅವನ ಹಿಂದೆ ಹಲಗೆ ಬಾರಿಸುವವರು, ಒಂದು ಬುಟ್ಟಿ ಹೂವಿನ ಹಾರ, ಒಂದು ಚೀಲ ಗುಲಾಲು. ಎಲ್ಲವೂ ತಾವು ಗೆದ್ದರೆ ಎಂದು ಮೊದಲೇ ತರಿಸಿಟ್ಟದ್ದು. ಅವನು ಕೈ ಮುಗಿದ.

“ನಮ್ಮೂರಿಗೆ ಬಂದು ನಮ್ಮನ್ನ ಸೋಲಿಸೀರಿ. ಹಂಗs ಕಳಿಸಿದ್ರ ನಮ್ಮ ಸಂಸ್ಥಾನದ ಮರ್ಯಾದಿ ಏನ್ ಉಳೀತು? ಎರಡ ನೂರು ಮಂದಿಗೆ ಹೋಳಿಗಿ ಮಾಡಿಸೇವಿ. ಗೆಲ್ಲತೀವಿ ಅಂತ ಮಾಡಿಸಿದ್ದು ಖರೆ. ಆದ್ರ ಹೋಳಿಗಿಗೇನ್ ಗೊತ್ತು ಯಾರ್ ಗೆದ್ರು ಅಂತ? ಬರ್ರಿ, ಉಂಡು ಹೋಗ್ರಿ.”

“ಬ್ಯಾಡ್ರಿ, ನಮಗ ಹಸಿವಿಲ್ಲ,” ಎಂದ ದುರ್ಗಪ್ಪ.

“ಹಸಿವು ಕೇಳಿಲ್ಲ ನಾ,” ಎಂದ ಲಕ್ಕಪ್ಪ ನಗುತ್ತ. ಅವನ ಹಿಂದಿದ್ದ ಎರಡು ಸಾವಿರ ಜನ ನಗಲಿಲ್ಲ.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಎಲ್ಲರ ಕೊರಳಿಗೂ ಹಾರ. ಮುಂದೆ ಹಲಗೆ. ನಾಲ್ಕು ಹೆಜ್ಜೆ ಹೋದ ಮೇಲೆ ಬಡಿತದ ವರಸೆ ನನ್ನ ಕಿವಿಗೆ ಸರಿಯಾಗಿ ಬಿತ್ತು. ಅದು ಗೆದ್ದವರ ಮುಂದೆ ಬಾರಿಸುವ ವರಸೆ ಆಗಿರಲಿಲ್ಲ. ಹೆಣದ ಮುಂದೆ ಬಾರಿಸುವುದು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ಒಬ್ಬ ಮುದುಕಿ ಸೆರಗು ಬಾಯಿಗೆ ಹಿಡಿದು ಕೇಳಿದಳು:

“ಯಾರ ಹೋದ್ರೋ ಯಪ್ಪಾ?”

“ಬೈಲಹೊಂಗಲದಾವ್ರು, ಆಯಿ. ಗೆದ್ದು ಹೋದ್ರು.”

“ಅಯ್ಯ ಶಿವನ, ಇನ್ನೂ ಸಣ್ಣ ವಯಸ್ಸು,” ಎಂದು ಮುದುಕಿ ನನ್ನ ಕಡೆಗೇ ನೋಡಿ ಲೊಚಗುಟ್ಟಿದಳು.

ಊಟ ಇಟ್ಟಿದ್ದ ಮಠದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಉದ್ದದ ಪಡಸಾಲೆ. ಪತ್ರೋಳಿ ಎಲೆ ಹಾಕಿದ ನಾಲ್ಕು ಸಾಲು. ಎದುರಿನ ಕಂಬಕ್ಕೆ ಒಂದು ದೊಡ್ಡ ಗಡಿಯಾರ: ಮೂರೂ ಮುಕ್ಕಾಲು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅರ್ಧ ತಾಸಿನ ಊಟ, ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಬೇಕಾದಷ್ಟು ಹೊತ್ತಿದೆ. ಹೊಡೆತ ತಿನ್ನಬೇಕಾದ ಜಾಗದಲ್ಲಿ ಹೋಳಿಗೆ ತಿನ್ನುತ್ತೇವೆ. ಎಂಥ ದಡ್ಡ ಜನ ಇವರು ಎಂದುಕೊಂಡೆ.

“ನೀ ಇಲ್ಲಿ ಬಾ ತಮ್ಮಾ, ಮೊದಲನೇ ಸಾಲಿಗೆ,” ಎಂದು ಲಕ್ಕಪ್ಪ ನನ್ನ ರಟ್ಟೆ ಹಿಡಿದ. “ಎಲ್ಲಾರಕಿಂತ ಹೆಚ್ಚು ದಣದಾಂವ ನೀನು. ಒದರಿ ಒದರಿ.”

ಸಾಲಿನ ತಲೆಗೆ, ಮಣೆಯ ಮೇಲೆ, ಒಬ್ಬ ಬಹಳ ವಯಸ್ಸಾದ ಜಂಗಮ ಅಯ್ಯನವರು ಕೂತಿದ್ದರು. ಹೆಸರು ಗಂಗಯ್ಯ, ಊರಿಗೆಲ್ಲ ಗಂಗಯ್ಯಜ್ಜ. ಸಂಸ್ಥಾನದ ಕಾಲದಿಂದ ಒಂದೂ ಫುಟ್ಬಾಲ್ ಆಟ ತಪ್ಪಿಸಿದವರಲ್ಲ. ಬಾಯಲ್ಲಿ ಎರಡೇ ಹಲ್ಲು, ಅವೂ ಒಂದು ಈ ಕಡೆ, ಒಂದು ಆ ಕಡೆ. ನನ್ನನ್ನು ಅವರ ಪಕ್ಕಕ್ಕೇ ಕೂರಿಸಿದರು. ಆಗ ನನಗೆ ಹೊಳೆಯಿತು.

ನಮ್ಮ ಕಡೆ ಪಂಕ್ತಿಯ ನಿಯಮ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಯ್ಯನವರು ಮೊದಲ ತುತ್ತು ತೆಗೆದುಕೊಳ್ಳುವ ತನಕ ಯಾರೂ ಉಣ್ಣುವ ಹಾಗಿಲ್ಲ. ಅಯ್ಯನವರು ಏಳುವ ತನಕ ಯಾರೂ ಏಳುವ ಹಾಗಿಲ್ಲ. ಮನೆಗೆ ಬೆಂಕಿ ಬಿದ್ದರೂ ಕೂತೇ ನೋಡಬೇಕು. ಮುರಿದು ಎದ್ದವನ ಹೆಸರು ಮೂರು ತಾಲೂಕಿಗೆ ಹರಡುತ್ತದೆ, ನಮ್ಮಪ್ಪನ ಅಂಗಡಿಗಂತೂ ಬಸ್ಸಿಗಿಂತ ಮೊದಲೇ ಮುಟ್ಟುತ್ತದೆ. ನಮ್ಮನ್ನು ಕಟ್ಟಿ ಹಾಕಲು ರಾಮದುರ್ಗದವರಿಗೆ ಹಗ್ಗ ಬೇಕಿರಲಿಲ್ಲ. ಎರಡು ಹಲ್ಲಿನ ಒಬ್ಬ ಅಜ್ಜ ಸಾಕಾಗಿತ್ತು.

“ಹರಹರ ಮಹಾದೇವ!” ಎಂದರು. ಊಟ ಶುರುವಾಯಿತು.

ಗಂಗಯ್ಯಜ್ಜ ರೊಟ್ಟಿಯ ಒಂದು ಚೂರು ಮುರಿದರು. ಅದನ್ನು ನೋಡಿದರು. ಎಣಗಾಯಿಯಲ್ಲಿ ಅದ್ದಿದರು. ಮತ್ತೆ ನೋಡಿದರು. ಬಾಯಿಗಿಟ್ಟು, ಆ ಕಡೆಯ ಹಲ್ಲಿಗೆ ಒಮ್ಮೆ, ಈ ಕಡೆಯ ಹಲ್ಲಿಗೆ ಒಮ್ಮೆ ತೋರಿಸಿ, ಇಬ್ಬರ ಒಪ್ಪಿಗೆ ಪಡೆದು ನುಂಗಿದರು. ನಾನು ಗಡಿಯಾರ ನೋಡಿದೆ. ಅಷ್ಟರಲ್ಲಿ ನಾನು ಎರಡು ರೊಟ್ಟಿ ಮುಗಿಸಿದ್ದೆ.

“ಹಸದಿತ್ತ ನೋಡು ಪಾಪ,” ಎಂದು ಲಕ್ಕಪ್ಪ ನನ್ನ ಎಲೆಗೆ ಇನ್ನೆರಡು ರೊಟ್ಟಿ ಹಾಕಿದ. ಕೆಂಪು ಖಾರವನ್ನು ಸಟ್ಟುಗದಿಂದ ಬಡಿಸಿದ. “ಹಸಿವಿಲ್ಲ ಅಂದಿದ್ರಿ?”

ನಾಲ್ಕೂ ಹತ್ತು. ನಾಲ್ಕೂ ಇಪ್ಪತ್ತು. ಹೋಳಿಗೆ ಬಂತು. ಒಂದು ತಿಂದರೆ ಎರಡು ಬೀಳುತ್ತಿತ್ತು. ಎಲೆಯಲ್ಲಿ ಬಿಡುವ ಹಾಗಿಲ್ಲ, ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆ ತುಪ್ಪ. ತಾಯಿಯ ಮಾತು ಮೀರದ ದಿಗಂಬರ ನನ್ನ ಎಡಕ್ಕೆ ಕೂತು ನೀರು ಮುಟ್ಟದೆ ಆರನೇ ಹೋಳಿಗೆ ತಿನ್ನುತ್ತಿದ್ದ. ಎದುರಿನ ಸಾಲಿನಲ್ಲಿ ದುರ್ಗಪ್ಪ ಬಲಗೈಯಿಂದ ಉಣ್ಣುತ್ತ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ ಖಾಕಿ ಅಂಗಿಯ ಒಬ್ಬ ದಪ್ಪ ಮನುಷ್ಯ, “ನಮ್ಮ ಕಡೆ ಇನ್ನೊಂದು ಹೋಳಿಗಿ ಬರ್ಲಿ!” ಎಂದು ಪದೇ ಪದೇ ಕೂಗುತ್ತಿದ್ದ. ಓಡಿಹೋಗದಂತೆ ನಮ್ಮ ಮೇಲೆ ಪೊಲೀಸನನ್ನೂ ಕೂರಿಸಿದ್ದಾರೆ ಎಂದುಕೊಂಡು ನಾನು ಮತ್ತೆ ಹಿಂದೆ ನೋಡಲಿಲ್ಲ.

ಉಳಿದವರಿಗೆ ಬಸ್ಸು ತಪ್ಪಿದರೆ ಏನೂ ಆಗುತ್ತಿರಲಿಲ್ಲ. ಮಠದಲ್ಲೇ ಮಲಗಿ ಮರುದಿನ ಹೋಗುತ್ತಿದ್ದರು. ತಕ್ಕಡಿ ಕಾಯುತ್ತಿದ್ದದ್ದು ನನ್ನೊಬ್ಬನನ್ನೇ.

ನಾಲ್ಕೂವರೆಗೆ ಗಂಗಯ್ಯಜ್ಜ ಅನ್ನಕ್ಕೆ ಬಂದರು. ಮಜ್ಜಿಗೆ ಹಾಕಿಸಿಕೊಂಡು ಕಲಸತೊಡಗಿದರು. ಕಲಸುತ್ತಲೇ ನನ್ನ ಕಡೆ ತಿರುಗಿದರು.

“ಯಾರ ಮಗಾ ತಮ್ಮಾ ನೀ?”

“ಅಂದಾನೆಪ್ಪನ ಮಗಾ ರೀ ಅಜ್ಜಾರ. ಪ್ಯಾಟ್ಯಾಗ ಬೆಲ್ಲದ ಅಂಗಡಿ ಐತ್ರಿ.”

“ಬೆಲ್ಲದ ಅಂದಾನೆಪ್ಪಾ! ಭಾಳ ನ್ಯಾಯದ ಮನಶ್ಯಾ. ಗುಂಜಿ ತೂಕ ಕಡಿಮಿ ಕೊಡಾಂಗಿಲ್ಲ. ಅಂವನ ಮಗಾ ಅಂದ್ರ ಸುಳ್ಳ ಹೇಳಾಂವ ಅಲ್ಲ ನೀ.”

ನಾನು ಬಾಯಿಗೆ ಒಯ್ದ ಹೋಳಿಗೆಯನ್ನು ಎಲೆಗೇ ಇಳಿಸಿದೆ.

“ಏನಿಲ್ಲೋ,” ಎಂದರು ಅಜ್ಜ. “ನಂಗ ಕಣ್ಣು ಒಂಚೂರು ಮಂಜು. ಕುರ್ಚಿ ಬ್ಯಾರೆ ದೂರ ಹಾಕಿದ್ರು. ನೀ ಕಂಬದ ಹಿಂದs ಇದ್ದಿ. ಆ ಗೋಲು ಹೊಡದ್ನಲ್ಲ, ಆ ಎತ್ತರದ ಹುಡುಗ, ಚೆಂಡು ಅಂವನ ಎಲ್ಲಿಗೆ ಬಡೀತು?”

ಪಡಸಾಲೆಯಲ್ಲಿ ಬಡಿಸುವವರ ಕಾಲುಗಳು ನಿಂತವು. ಸಟ್ಟುಗ ಹಿಡಿದ ಲಕ್ಕಪ್ಪನೂ ನಿಂತ. ದಿಗಂಬರ ತಲೆ ಎತ್ತದೆ, ತುಟಿ ಅಲುಗಿಸದೆ ಹೇಳಿದ:

“ತಲಿ ಅನ್ನು. ತಲಿ ಅನ್ನಲೇ, ಏನ್ ನೋಡ್ಲಿಕ್ಕತ್ತಿ?”

“ಬಿಸಲು ಕಣ್ಣಿಗೆ ಹೊಡದಿತ್ರಿ ಅಜ್ಜಾರ,” ಎಂದೆ ನಾನು. “ಸರಿಯಾಗಿ ಕಾಣಸ್ಲಿಲ್ರಿ.”

“ಬಿಸಲು ನಿನ್ನ ಬೆನ್ನಿಗಿತ್ತಲ್ಲೋ. ನನ್ನ ಕಣ್ಣು ಮಂಜು ಆಗಿರಬೌದು, ಸೂರ್ಯ ಯಾ ಕಡೆ ಇಳೀತಾನ ಅನ್ನೂದು ಗೊತ್ತೈತಿ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

“ಎಲಿ ಮುಂದ ಕುಂತೀದಿ, ನೆನಪಿರ್ಲಿ ತಮ್ಮಾ,” ಎಂದ ಲಕ್ಕಪ್ಪ.

“ಏ ಲಕ್ಕಪ್ಪಾ, ಅಂಜಸಬ್ಯಾಡ ಹುಡಗನ್ನ,” ಎಂದರು ಅಜ್ಜ. “ಸಾವಕಾಶ ನೆನಪ ಮಾಡಕೊಳ್ಲಿ. ಏನ್ ಅವಸರ ಐತಿ? ನಂದೂ ಊಟಾ ಆಗಿಲ್ಲ ಇನ್ನಾ.”

ಅವರು ಎಲೆಯಲ್ಲಿ ಉಳಿದ ಅನ್ನವನ್ನೆಲ್ಲ ಒಟ್ಟು ಮಾಡಿದರು. ಅದು ಒಂದೇ ತುತ್ತು ಆಗುವಷ್ಟಿತ್ತು. ತುತ್ತು ಕಟ್ಟಿದರು. ಕೈ ಎತ್ತಿದರು. ಎಲೆಗೂ ಬಾಯಿಗೂ ನಡುವೆ ಆ ಕೈ ನಿಂತುಬಿಟ್ಟಿತು. ನಾಲ್ಕೂ ನಲವತ್ತೈದು. ಅಜ್ಜ ನನ್ನನ್ನು ನೋಡುತ್ತ ಕೂತರು, ಏನೂ ಆತುರವಿಲ್ಲದೆ. ಬೆರಳುಗಳ ಸಂದಿನಿಂದ ಮಜ್ಜಿಗೆ ಒಂದೊಂದೇ ಹನಿ ಎಲೆಗೆ ಬೀಳುತ್ತಿತ್ತು. ಗಡಿಯಾರದ ಮುಳ್ಳಿಗಿಂತ ಆ ಹನಿಯ ಸದ್ದೇ ನನಗೆ ಜೋರಾಗಿ ಕೇಳಿಸುತ್ತಿತ್ತು.

ನಾಲ್ಕೂ ಐವತ್ತು. ಎದುರಿನಿಂದ ದುರ್ಗಪ್ಪ ನನ್ನನ್ನೇ ನೋಡುತ್ತಿದ್ದ, ಮೈದಾನದಲ್ಲಿ ನೋಡಿದ ಹಾಗೆಯೇ. ಅವತ್ತು ನಲವತ್ತು ಜನರ ಮಾನ ನನ್ನ ನಾಲಿಗೆಯ ಮೇಲಿತ್ತು. ಇನ್ನೊಂದು ಕಡೆ ನೊಣಗಳು ಗುಂಯ್ ಎನ್ನುತ್ತಿದ್ದವು. ಇಂಥ ಸಮಯದಲ್ಲಿ ದೊಡ್ಡ ಮನುಷ್ಯರು ಊರಿನ ಮಾನ ದೊಡ್ಡದು ಎನ್ನುತ್ತಾರಂತೆ. ನಾನು ಹತ್ತೊಂಬತ್ತು ವರ್ಷದ ಸಣ್ಣ ಮನುಷ್ಯ. ಜೊತೆಗೆ ಎಲೆಯ ಮುಂದೆ ಕೂತು, ಅಯ್ಯನವರ ಮುಖ ನೋಡಿ, ಸುಳ್ಳು ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ.

“ಕೈಗೆ ಬಡೀತ್ರಿ ಅಜ್ಜಾರ,” ಎಂದೆ.

“ಕೇಳಸ್ಲಿಲ್ಲ.”

“ಕೈಗೆ ಬಡೀತ್ರಿ! ಎಡಗೈಗೆ! ಮೊಣಕೈ ಕೆಳಗ!”

ಗಂಗಯ್ಯಜ್ಜ ತುತ್ತನ್ನು ಬಾಯಿಗಿಟ್ಟರು. ಈ ಸಲ ಹಲ್ಲುಗಳ ಒಪ್ಪಿಗೆ ಕೇಳಲಿಲ್ಲ, ಗುಳಕ್ಕನೆ ನುಂಗಿದರು. ತಂಬಿಗೆಯ ನೀರು ಕುಡಿದು, ಮೊಣಕಾಲಿಗೆ ಕೈಯೂರಿ, ಇಪ್ಪತ್ತು ವರ್ಷದವರ ಹಾಗೆ ಎದ್ದು ನಿಂತರು.

“ಏಳ್ರೆಪಾ. ಕಪ್ಪು ಅವರs ಒಯ್ಲಿ. ಬೆಳ್ಳಿ ತೊಗೊಂಡು ನಾವೇನ್ ಮಾಡೂಣು? ನಮಗ ಈ ಮಾತು ಸಾಕು.”

ಪಡಸಾಲೆ ಹಾರಿಹೋಗುವ ಹಾಗೆ ಕೇಕೆ ಎದ್ದಿತು. ಎರಡು ತಾಸು ಬಾಯಿ ಬಿಗಿದುಕೊಂಡಿದ್ದ ರಾಮದುರ್ಗ ಒಮ್ಮೆಲೇ ಒದರಿತು. ತಮಗಾಗಿ ತರಿಸಿದ್ದ ಗುಲಾಲನ್ನು ಚೀಲದೊಂದಿಗೆ ನನ್ನ ತಲೆಯ ಮೇಲೆ ಸುರಿದರು. ಒಂದು ತಾಸಿನ ಹಿಂದೆ ನನ್ನ ಹೆಣದ ಮುಂದೆ ಹಲಗೆ ಬಾರಿಸಿದವರು ಈಗ ಮದುವೆಯ ವರಸೆ ಹಿಡಿದರು. ಕೊರಳಿಗೆ ಇನ್ನೊಂದು ಹಾರ. ನಾನು ಕೈ ಸಹ ತೊಳೆಯದೆ ಬಾಗಿಲಿಗೆ ಓಡಿದೆ.

ಬಾಗಿಲಲ್ಲಿ ನಮ್ಮ ಚಪ್ಪಲಿಗಳು ಸಾಲಾಗಿ, ಶಿಸ್ತಾಗಿ ಇದ್ದವು. ಎಲ್ಲವೂ ಎಡಗಾಲಿನವು. ಒಂದೂ ಬಲಗಾಲಿನದು ಇರಲಿಲ್ಲ.

“ಚಪ್ಲಿ ಎಲ್ರೀ?”

“ಒಂದು ಕಪ್ಪು ನೀವು ಒಯ್ತೀರಿ, ಒಂದೊಂದು ಚಪ್ಲಿ ನಾವು ಇಟಗೋತೀವಿ. ಎಡಗಡೇದ್ದು ನಿಮ್ಮ ಕಡೇನ ಇರ್ಲಿ, ಅದರ ಮ್ಯಾಲ ನಿಮಗ ಪ್ರೀತಿ ಜಾಸ್ತಿ,” ಎಂದ ಅಲ್ಲಿ ನಿಂತವನೊಬ್ಬ.

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಮುಖ ತುಂಬ ಗುಲಾಲು, ಹೊಟ್ಟೆಯಲ್ಲಿ ಎಂಟು ಹೋಳಿಗೆ. ಕಾದ ಮಣ್ಣಿನ ಮೇಲೆ ಬಲಗಾಲು ಇಟ್ಟಾಗಲೆಲ್ಲ ಜಿಗಿಯುತ್ತ ಬಸ್ ನಿಲ್ದಾಣಕ್ಕೆ ಓಡಿದೆ. ಅಲ್ಲಿನ ಗಡಿಯಾರದಲ್ಲಿ ಐದೂ ಐದು. ಬಸ್ಸು ಹೋಗಿಯೇ ಹೋಗಿದೆ ಎಂದುಕೊಂಡು ಮೂಲೆ ತಿರುಗಿದರೆ, ಕೆಂಪು ಬಸ್ಸು ಅಲ್ಲೇ ನಿಂತಿತ್ತು! ನನಗೆ ಅಳುವೇ ಬಂತು. ಹತ್ತಿ ಕೂತೆ. ಒಳಗೆ ಪ್ರಯಾಣಿಕರು ಬೈಯುತ್ತಿದ್ದರು. ಡ್ರೈವರನ ಸೀಟು ಖಾಲಿ ಇತ್ತು.

ಐದೂ ಹದಿನೈದಕ್ಕೆ ಡ್ರೈವರ ಬಂದ. ಖಾಕಿ ಅಂಗಿ, ದಪ್ಪ ಮೈ. ವಸ್ತ್ರದಿಂದ ತುಪ್ಪದ ಕೈ ಒರೆಸಿಕೊಳ್ಳುತ್ತ, ಢರ್ರನೆ ತೇಗಿದ. ಹಿಂದಿನ ಸಾಲಿನಲ್ಲಿ ಹೋಳಿಗೆಗೆ ಕೂಗುತ್ತಿದ್ದ ನನ್ನ ಪೊಲೀಸ!

“ನೀವು... ನೀವು ಪಂಕ್ತ್ಯಾಗ ಇದ್ರೇನ್ರಿ?”

“ಇರಲಾರದ ಎಲ್ಲಿ ಹೋಗ್ಲಿ? ಆಟಾ ಮುಗದ ಕೂಡ್ಲೆ ಲಕ್ಕಪ್ಪ ಊಟಕ್ಕ ಹೇಳಿ ಕಳಿಸಿದ್ದಾ. ಹೊತ್ತಾತು ಅಂತ ನಂಗೂ ಗೊತ್ತಿತ್ತು. ಆದ್ರ ಅಯ್ಯನೋರು ಏಳೂ ತನಾ ನಾ ಹೆಂಗ ಏಳ್ಲಿ ತಮ್ಮಾ? ನಂಗೇನ್ ಮನಿ ಮಾರು ಇಲ್ಲೇನು?”

“ಅಂದ್ರ ನಾ ಅಲ್ಲೆ ಎಷ್ಟs ಹೊತ್ತು ಕುಂತಿದ್ರೂ ಬಸ್ಸು...”

“ನಾ ಇಲ್ಲದ ಬಸ್ಸು ಹೆಂಗ ಹೋಗ್ತೈತೋ?” ಅವನು ಸೀಟಿಗೆ ಹತ್ತಿ ಕೂತ. “ಆದ್ರೂ ಛಲೋ ಹೇಳಿದಿ ನೋಡು. ಕೈಗೆ ಬಡೀತು ಅಂತ. ನಾನೂ ರಾಮದುರ್ಗದಾಂವ.”

ಕಿಟಕಿಯಲ್ಲಿ ಲಕ್ಕಪ್ಪನ ಮೀಸೆ ಕಾಣಿಸಿತು. ನನ್ನನ್ನು ಬೀಳ್ಕೊಡಲು ಬಂದಿದ್ದ. ಕಾಗದದಲ್ಲಿ ಸುತ್ತಿದ ಎರಡು ಹೋಳಿಗೆ ಒಳಗೆ ಚಾಚಿ ಹೇಳಿದ:

“ಪರೀಕ್ಷಾ ತಪ್ಪಸೂವಷ್ಟು ಕೆಟ್ಟಾವರು ಅಲ್ಲಪಾ ನಾವು. ಹುಡಗರ ಬಾಳೆ ಕೆಡಿಸಿದ್ರ ನಮಗೇನ್ ಬರ್ತೈತಿ? ಬಸ್ಸು ಹೋಗಬಾರದು ಅಂತನ ಡ್ರೈವರಗ ಎಲಿ ಹಾಕಿಸಿದ್ದು. ನೀ ಒಮ್ಮಿ ಹಿಂದ ಹೊಳ್ಳಿ ನೋಡಿದ್ರ ಆಗ್ತಿತ್ತು.”

ಬಸ್ಸು ಹೊರಡುವ ಹೊತ್ತಿಗೆ ನಮ್ಮವರು ಬಂದರು. ನಲವತ್ತು ಜನ, ನಲವತ್ತು ಎಡಗಾಲಿನ ಚಪ್ಪಲಿ, ಒಂದು ಕಪ್ಪು. ಹತ್ತಿದರು. ಅರ್ಧ ಜನ ನಿಂತೇ ಇದ್ದರೂ ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಅಲ್ಲಿ ದುರ್ಗಪ್ಪ ತಂದು ಕಪ್ಪನ್ನು ಇಟ್ಟ. ಮತ್ತೆ ಏನೋ ಯೋಚಿಸಿ ಅದನ್ನೂ ಎತ್ತಿಕೊಂಡ.

“ದುರ್ಗಪ್ಪಣ್ಣಾ...” ಎಂದೆ.

“ಕೈ ಅಂದಿ, ಆತು. ಎಡಗೈ ಅನ್ನೂದ್ ಏನಿತ್ತು? ಮೊಣಕೈ ಕೆಳಗ ಅನ್ನೂದ್ ಏನಿತ್ತು?” ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಅಳತಿ ಹಿಡದು ಹೇಳಿದೆಲ್ಲೋ.”

“ಬೆಲ್ಲದ ಅಂಗಡಿಯವರ ಪೈಕಿ, ತೂಕದಾಗ ತಪ್ಪಂಗಿಲ್ಲ,” ಎಂದಿತು ಹಿಂದಿನಿಂದ ಒಂದು ದನಿ.

ಸವದತ್ತಿ ಬರುವ ತನಕ ನನ್ನ ಬೆನ್ನಿಗೆ ಕಡಲೆಕಾಯಿಯ ಸಿಪ್ಪೆ ಬೀಳುತ್ತಿತ್ತು. ರಾಮದುರ್ಗದ ಹೆಂಟೆಗಿಂತ ಅದು ಹಗುರ ಎಂದು ಯಾರಾದರೂ ಹೇಳಿದರೆ, ಅವರಿಗೆ ಅದು ಬಿದ್ದಿಲ್ಲ ಎಂದರ್ಥ. ಬೈಲಹೊಂಗಲದ ಬಸ್ಸು ಹಿಡಿಯಲು ಸವದತ್ತಿಯಲ್ಲಿ ಎಲ್ಲರೂ ಇಳಿದರು. ಯಾರೂ ಹಿಂದೆ ನೋಡಲಿಲ್ಲ. ದಿಗಂಬರ ಮಾತ್ರ ಬಸ್ಸಿನ ಪಾವಟಿಗೆಯ ಮೇಲೆ ತಡೆದ.

“ಪರೀಕ್ಷಾ ಛಂದ ಮಾಡು. ಊರಿಗೆ ಮಾತ್ರ ಲಗೂನ ಬರಬ್ಯಾಡ.” ನಂತರ ಮೆಲ್ಲಗೆ, “ಆ ಎರಡು ಹೋಳಿಗಿ ತಿನ್ನೋದಿಲ್ಲಂದ್ರ ಇತ್ತ ಕೊಡು.”

ಕೊಟ್ಟೆ.

ಪ್ರಾಕ್ಟಿಕಲ್‌ಗೆ ಎಂಟಕ್ಕೆ ಐದು ನಿಮಿಷ ಮೊದಲೇ ಹಾಜರಾದೆ. ಎಷ್ಟು ತೊಳೆದರೂ ಕಿವಿಯ ಹಿಂದಿನ ಗುಲಾಲು ಹೋಗಿರಲಿಲ್ಲ. ದ್ರಾವಣ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಬೇಕಾದ ಪ್ರಯೋಗ ಬಂದಿತ್ತು. ಪರೀಕ್ಷಕರು ಒಮ್ಮೆ ನನ್ನ ಫ್ಲಾಸ್ಕು ನೋಡಿದರು, ಒಮ್ಮೆ ನನ್ನ ಕಿವಿ ನೋಡಿದರು. “ಬಣ್ಣ ಸರಿಯಾಗಿ ಬಂದಿದೆ,” ಎಂದರು. ಯಾವುದಕ್ಕೆ ಹೇಳಿದರೋ, ನಾನು ಕೇಳಲಿಲ್ಲ.

ಹತ್ತು ದಿನ ಬಿಟ್ಟು ಊರಿಗೆ ಬಂದೆ. ಬಸ್ ನಿಲ್ದಾಣದಿಂದ ಅಂಗಡಿಯ ತನಕ ಸಿಕ್ಕವರೆಲ್ಲ ಬಾಯಿ ಬಿಚ್ಚದೆ ಎಡಗೈ ಮೇಲೆತ್ತಿ ತೋರಿಸಿದರು. ನಮ್ಮಪ್ಪ ನೊಣಗಳ ನಡುವೆ ಎಂದಿನಂತೆ ಕೂತಿದ್ದ.

“ಪರೀಕ್ಷಾ ಆತು,” ಎಂದೆ. “ಪಾಸ್ ಆಗ್ತೇನಿ.”

“ಪಾಸರ ಆಗು, ನಪಾಸರ ಆಗು,” ಎಂದ ಅಪ್ಪ. “ಈ ಗಾದಿ ಮ್ಯಾಲ ಮಾತ್ರ ಕುಂದರಬ್ಯಾಡ.”

“ಮತ್ತ ಬೆಲ್ಲಾ?”

“ನಾನs ತೂಗ್ತೇನಿ. ವಾರದಾಗ ನಾಕ ಗಿರಾಕಿ ಹೊಳ್ಳಿ ಹೋದ್ರು. ‘ನಿಮ್ಮ ಮಗಾ ಕುಂದರಾಂವ ಇದ್ರ ನಾವು ಬರಾಂಗಿಲ್ಲ’ ಅಂದ್ರು. ನೀ ಓದು. ಧಾರವಾಡದಾಗ ಓದು, ಮುಂಬಯಿಗೆ ಹೋಗಿ ಓದು. ಎಷ್ಟ ಬೇಕು ಅಷ್ಟ ಓದು.”

ಒಂದು ವರ್ಷದಿಂದ ನಾನು ಹೆದರಿದ್ದ ಶಿಕ್ಷೆಯನ್ನು ಊರೇ ಸೇರಿ ರದ್ದು ಮಾಡಿತ್ತು. ಅದಕ್ಕೆ ಸಂತೋಷ ಪಡಬೇಕೋ ಬೇಡವೋ ತಿಳಿಯದೆ ನಿಂತೆ. ಅಪ್ಪ ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

“ಖರೇನ ಬಡದಿತ್ತೇನು?”

“ಬಡದಿತ್ತು ಯಪ್ಪಾ.”

ಅಪ್ಪ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ. ಬೆಲ್ಲದ ಪೆಂಟೆಯಿಂದ ಒಂದು ದೊಡ್ಡ ತುಣುಕು ಒಡೆದು, ತೂಗದೆ, ನನ್ನ ಕೈಗಿಟ್ಟ.

“ತಿನಕೊಂತ ಹೋಗು,” ಎಂದ. “ಹಿಂದಿನ ಬಾಗಲಾದಿಂದ.”